ನೀರಿನಲ್ಲೇ ಮೂಡಿದ ಕಾಲು



ಮಳೆಗಾಲ ಹಿಡಿದ ಮೇಲೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಬಚ್ಚಲಿನಲ್ಲಿ ಒಂದಾದರೂ ಕಪ್ಪೆ ಇದ್ದೇ ಇರುತ್ತದೆ. ಹಂಡೆಯ ಹಿಂದಿನ ತೇವದ ಗೋಡೆಗೆ ಅಂಟಿಕೊಂಡು ಕೂತಿರುತ್ತದೆ. ಇಂದು ರಾತ್ರಿ ಮನೆಗೆ ಹೋದ ಮೇಲೆ ಅದರ ಬೆರಳುಗಳನ್ನು ಎಣಿಸಿ ನೋಡಿ. ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು. ಆಮೇಲೆ ನಿಮ್ಮ ಕೈಯನ್ನು ಮುಟ್ಟಿ ನೋಡಿಕೊಳ್ಳಿ. ಭುಜದಿಂದ ಮೊಣಕೈವರೆಗೆ ಒಂದು ಮೂಳೆ. ಅಲ್ಲಿಂದ ಮಣಿಕಟ್ಟಿನವರೆಗೆ ಎರಡು. ಮಣಿಕಟ್ಟಿನಲ್ಲಿ ಸಣ್ಣ ಸಣ್ಣವು ಹಲವು. ಅದರಾಚೆ ಬೆರಳು. ಕಪ್ಪೆಯಲ್ಲಿಯೂ ಇದೇ ಕ್ರಮ. ಮುಂದೋಳಿನ ಎರಡು ಮೂಳೆಗಳು ಅದರಲ್ಲಿ ಬೆಸೆದು ಒಂದಾಗಿವೆ, ಆದರೆ ಬೆಸೆದ ಗೆರೆ ಇನ್ನೂ ಕಾಣುತ್ತದೆ. ಕೊಟ್ಟಿಗೆಯ ದನ, ತೋಟಕ್ಕೆ ಬರುವ ಮಂಗ, ಅಟ್ಟದ ಬಾವಲಿ ಎಲ್ಲದರಲ್ಲಿಯೂ ಅದೇ ಒಂದು, ಎರಡು, ಹಲವು. ಇಷ್ಟೊಂದು ಬೇರೆ ಬೇರೆ ಕೆಲಸ ಮಾಡುವ ಅಂಗಗಳಿಗೆ ಒಂದೇ ಅಸ್ತಿಭಾರ ಎಲ್ಲಿಂದ ಬಂತು? ಇಂದಿನ ಉಪನ್ಯಾಸದಲ್ಲಿ ನಾನು ಉತ್ತರ ಹುಡುಕುವುದು ಈ ಪ್ರಶ್ನೆಗೆ.

ಉತ್ತರದ ಮೊದಲ ಭಾಗ ನಿಮಗೆ ಗೊತ್ತಿರುವುದೇ: ಮೀನಿನಿಂದ. ಎರಡನೆಯ ಭಾಗವನ್ನು ನಾವು ಬಹುಕಾಲ ತಪ್ಪಾಗಿ ಕಲಿತೆವು, ತಪ್ಪಾಗಿಯೇ ಕಲಿಸಿದೆವು. ಕೆರೆ ಒಣಗಿತು, ಒಳಗಿದ್ದ ಮೀನು ಬೇರೆ ನೀರು ಹುಡುಕಿಕೊಂಡು ರೆಕ್ಕೆಯೂರಿ ತೆವಳಿತು, ತೆವಳುತ್ತ ತೆವಳುತ್ತ ರೆಕ್ಕೆ ಕಾಲಾಯಿತು ಎಂಬ ಕಥೆ ಅದು. ಅಮೆರಿಕದ ದೊಡ್ಡ ವಿದ್ವಾಂಸ ಆಲ್ಫ್ರೆಡ್ ರೋಮರ್ ಅದನ್ನು ಜನಪ್ರಿಯಗೊಳಿಸಿದರು. ಆ ಕಾಲದ ಕೆಂಪು ಬಂಡೆಗಳನ್ನು ಬರಗಾಲದ ಗುರುತೆಂದು ಓದಿದ್ದರಿಂದ ಕಥೆಗೆ ಬಲ ಬಂತು. ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ನಾನೂ ಈ ಕಥೆಯನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬರೆಸಿದ್ದೇನೆ. ಕೇಳಲು ಸೊಗಸಾಗಿದೆ, ಆದರೆ ಅದು ನಿಲ್ಲಲಿಲ್ಲ. ಕಾಲು ನೆಲದ ಮೇಲೆ ಹುಟ್ಟಿದ್ದಲ್ಲ. ನೀರಿನೊಳಗೆ, ನೀರಿನ ಕೆಲಸಕ್ಕಾಗಿಯೇ ಹುಟ್ಟಿತು. ನೆಲಕ್ಕೆ ಅದು ಒದಗಿದ್ದು ಆಮೇಲೆ.

ಇದು ಹೇಗೆ ತಿಳಿಯಿತು ಎನ್ನುವುದಕ್ಕೆ ಮುಂಚೆ, ನಮ್ಮ ಕಾಲಡಿಯ ಕಲ್ಲಿನ ಬಗ್ಗೆ ಒಂದು ಮಾತು. ಮೀನು ಕಾಲು ಪಡೆದ ಕಥೆಯ ಪುರಾವೆಗಳು ಶಿರಸಿಯಲ್ಲಿಯೋ ಯಲ್ಲಾಪುರದಲ್ಲಿಯೋ ಬಾವಿ ತೋಡುವಾಗ ಸಿಗುತ್ತವೆಯೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಿಗುವುದಿಲ್ಲ. ಮೇಲಿನ ಚಿರೇಕಲ್ಲನ್ನು ತೆಗೆದರೆ ನಮ್ಮಲ್ಲಿರುವುದು ಧಾರವಾಡ ಶಿಲೆಗಳು ಮತ್ತು ನೈಸ್. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ನಾವು ಮಾತಾಡುತ್ತಿರುವ ಡೆವೋನಿಯನ್ ಯುಗ ಸುಮಾರು 41.9 ಕೋಟಿಯಿಂದ 35.9 ಕೋಟಿ ವರ್ಷಗಳ ಹಿಂದಿನದು. ಬೆನ್ನೆಲುಬಿನ ಮೊದಲ ಪ್ರಾಣಿ ಹುಟ್ಟುವ ಹೊತ್ತಿಗೆ ನಮ್ಮ ಘಟ್ಟದ ಬಂಡೆ ಆಗಲೇ ಮುದಿಯಾಗಿತ್ತು. ಅದರಲ್ಲಿ ಮೀನಿನ ಮೂಳೆ ಹುಡುಕುವುದು ವ್ಯರ್ಥ.

ನಮಗೆ ಹತ್ತಿರವೆಂದರೆ ಮಧ್ಯಭಾರತದ ಗೊಂಡ್ವಾನಾ ಕಲ್ಲುಗಳು. ಮಹಾರಾಷ್ಟ್ರದ ಮಂಗ್ಲಿಯಲ್ಲಿ ಸಿಕ್ಕ ಚಪ್ಪಟೆ ತಲೆಯ ಉಭಯಚರವೊಂದರ ಬುರುಡೆಯನ್ನು 1855ರಲ್ಲಿ ಲಂಡನ್ನಿನ ರಿಚರ್ಡ್ ಓವೆನ್ ಬ್ರಾಕಿಯೋಪ್ಸ್ ಎಂಬ ಹೆಸರಿನಲ್ಲಿ ವಿವರಿಸಿದರು. ಈಗಿನ ತೆಲಂಗಾಣದ ಮಾಲೇರಿ ಸ್ತರಗಳಲ್ಲಿ ಮೊಸಳೆಯಂತೆ ಹೊಂಚುಹಾಕುತ್ತಿದ್ದ ದೊಡ್ಡ ಉಭಯಚರಗಳ ಮೂಳೆಗಳು ಸಿಕ್ಕಿವೆ. ಅವೆಲ್ಲ ಇಪ್ಪತ್ತರಿಂದ ಇಪ್ಪತ್ತೈದು ಕೋಟಿ ವರ್ಷಗಳ ಹಿಂದಿನವು. ಕಾಲು ಬಂದು ಬಹಳ ಕಾಲವಾದ ಮೇಲಿನವು. ಆದರೂ ಓವೆನ್ನರ ಹೆಸರು ನೆನಪಿಡಿ. ಎಲ್ಲ ಚತುಷ್ಪಾದಿಗಳ ಕೈಕಾಲುಗಳ ಒಳಗೂ ಒಂದೇ ವಿನ್ಯಾಸವಿದೆ ಎಂದು 1849ರಲ್ಲಿ ಪುಸ್ತಕ ಬರೆದು ತೋರಿಸಿದವರು ಅವರೇ. ಆ ವಿನ್ಯಾಸ ಒಬ್ಬ ಪೂರ್ವಜನಿಂದ ಇಳಿದು ಬಂದದ್ದು ಎಂಬ ಮಾತನ್ನು ಮಾತ್ರ ಅವರು ಹೇಳಲಿಲ್ಲ. ಹತ್ತು ವರ್ಷದ ನಂತರ ಡಾರ್ವಿನ್ ಹೇಳಿದರು.

ಪೂರ್ವಜ ಇದ್ದರೆ ಅವನ ಗುರುತು ಕಲ್ಲಿನಲ್ಲಿ ಎಲ್ಲಿಯಾದರೂ ಇರಬೇಕಲ್ಲ. ಕೆನಡಾದ ಮಿಗ್ವಾಶಾದಲ್ಲಿ ಸಿಕ್ಕ ಯೂಸ್ತೆನಾಪ್ಟೆರಾನ್ ಎಂಬ ಮೀನಿನ ರೆಕ್ಕೆಯ ಬುಡದಲ್ಲಿ ಒಂದು ಮೂಳೆ, ಅದರಾಚೆ ಎರಡು ಮೂಳೆ ಇದ್ದವು. ಅದು ಸುಮಾರು 38 ಕೋಟಿ ವರ್ಷ ಹಳೆಯದು. ಗ್ರೀನ್‌ಲ್ಯಾಂಡಿನ 36.5 ಕೋಟಿ ವರ್ಷದ ಕಲ್ಲಿನಲ್ಲಿ ಕಾಲು ಬೆರಳುಗಳಿದ್ದ ಇಕ್ತಿಯೋಸ್ಟೆಗಾ ಇತ್ತು. ನಡುವೆ ಏನಾಯಿತು? ನೀಲ್ ಶೂಬಿನ್, ಎಡ್ವರ್ಡ್ ಡೇಶ್ಲರ್, ಫಾರಿಷ್ ಜೆಂಕಿನ್ಸ್ ಎಂಬ ಮೂವರು ಯೋಚಿಸಿದ ರೀತಿಯನ್ನು ನಾನು ಪ್ರತಿ ತರಗತಿಯಲ್ಲಿಯೂ ಹೇಳುತ್ತಿದ್ದೆ, ಯಾಕೆಂದರೆ ವಿಜ್ಞಾನದ ರೀತಿ ಅದೇ. ನಡುವಿನ ಪ್ರಾಣಿ ಇದ್ದರೆ ಅದು ನಡುವಿನ ವಯಸ್ಸಿನ ಕಲ್ಲಿನಲ್ಲಿ, ಹೊಳೆ ತಂದು ಹಾಸಿದ ಮಣ್ಣಿನಿಂದಾದ ಕಲ್ಲಿನಲ್ಲಿ ಇರಬೇಕು. ಅಂಥ ಕಲ್ಲು ಭೂಮಿಯ ಮೇಲೆ ಎಲ್ಲಿ ಬಯಲಾಗಿದೆ ಎಂದು ಅವರು ನಕ್ಷೆ ನೋಡಿದರು. ಉತ್ತರ ಧ್ರುವದ ಹತ್ತಿರದ ಎಲ್ಸ್‌ಮಿಯರ್ ದ್ವೀಪದಲ್ಲಿತ್ತು. 1999ರಿಂದ ಬೇಸಿಗೆಗಳಲ್ಲಿ ಹೋಗಿ ಹುಡುಕಿದರು. 2004ರಲ್ಲಿ ಬಂಡೆಯಿಂದ ಒಂದು ಚಪ್ಪಟೆ ಮೂತಿ ಹೊರಚಾಚಿರುವುದು ಕಂಡಿತು. 2006ರಲ್ಲಿ ಜಗತ್ತಿಗೆ ತಿಳಿಸಿದರು. ಅಲ್ಲಿನ ಇನುಯಿಟ್ ಹಿರಿಯರನ್ನು ಕೇಳಿ, ಹೊಳೆಯ ದೊಡ್ಡ ಮೀನಿಗೆ ಅವರ ಭಾಷೆಯಲ್ಲಿರುವ ಹೆಸರನ್ನೇ ಇಟ್ಟರು: ಟಿಕ್ಟಾಲಿಕ್.

37.5 ಕೋಟಿ ವರ್ಷ ಹಳೆಯ ಈ ಪ್ರಾಣಿಗೆ ಹುರುಪೆ ಇತ್ತು, ಕಿವಿರು ಇತ್ತು, ರೆಕ್ಕೆ ಇತ್ತು. ಅಷ್ಟಕ್ಕೆ ಮೀನು. ಆದರೆ ತಲೆಗೂ ಭುಜಕ್ಕೂ ನಡುವೆ ಮೀನಿಗಿರುವ ಮೂಳೆಯ ಬಿಗಿತ ಇರಲಿಲ್ಲ, ಕತ್ತು ತಿರುಗಿಸಬಲ್ಲದಾಗಿತ್ತು. ಮೀನಿಗೆ ಕತ್ತಿಲ್ಲ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಕಣ್ಣು ಪಕ್ಕದಲ್ಲಿರಲಿಲ್ಲ, ತಲೆಯ ಮೇಲಿತ್ತು. ಗಟ್ಟಿ ಪಕ್ಕೆಲುಬು ಇತ್ತು. ರೆಕ್ಕೆಯ ಒಳಗೆ ಭುಜ, ಮೊಣಕೈ, ಮಣಿಕಟ್ಟಿಗೆ ಹೋಲುವ ಕೀಲುಗಳಿದ್ದವು. ಆಳವಿಲ್ಲದ ಹೊಳೆಯ ತಳದಲ್ಲಿ ರೆಕ್ಕೆ ಊರಿ ಮೈಯೆತ್ತಿ, ನೀರಿನ ಮೇಲ್ಮೈಯಿಂದ ಕಣ್ಣು ಹೊರಗಿಟ್ಟು ನೋಡುವ ಪ್ರಾಣಿ. ಈಗ ಹಿಮ ಮುಚ್ಚಿರುವ ಆ ನೆಲ ಆಗ ಭೂಮಧ್ಯರೇಖೆಯ ಹತ್ತಿರದ ಬಿಸಿ ನಾಡಾಗಿತ್ತು.

ಆದರೆ ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಇನ್ನೊಬ್ಬರ ಕೆಲಸ. ಕೇಂಬ್ರಿಜ್‌ನ ಜೆನ್ನಿಫರ್ ಕ್ಲ್ಯಾಕ್. ಅಲ್ಲಿಯ ವಿದ್ಯಾರ್ಥಿಯೊಬ್ಬರು 1970ರ ಸುಮಾರಿಗೆ ಗ್ರೀನ್‌ಲ್ಯಾಂಡಿನಿಂದ ತಂದಿಟ್ಟಿದ್ದ ಕಲ್ಲುಗಳನ್ನೂ ಬರೆದಿಟ್ಟ ಟಿಪ್ಪಣಿಯನ್ನೂ ಅವರು ಎತ್ತಿ ನೋಡಿದರು. ಅದರ ಜಾಡು ಹಿಡಿದು 1987ರಲ್ಲಿ ತಂಡ ಕಟ್ಟಿಕೊಂಡು ಪೂರ್ವ ಗ್ರೀನ್‌ಲ್ಯಾಂಡಿಗೆ ಹೋದರು. ಅಕಾಂತೊಸ್ಟೆಗಾ ಎಂಬ ಪ್ರಾಣಿಯ ಮೂಳೆಗಳನ್ನು ತಂದು, ಕಲ್ಲಿನ ಕಣ ಕಣ ಬಿಡಿಸಿ ನೋಡಿದರು. 1990ರಲ್ಲಿ ಮೈಕೇಲ್ ಕೋಟ್ಸ್ ಜೊತೆ ಅವರು ಪ್ರಕಟಿಸಿದ್ದು ಇದು: ಅಕಾಂತೊಸ್ಟೆಗಾದ ಮುಂಗಾಲಿನಲ್ಲಿ ಎಂಟು ಬೆರಳುಗಳಿದ್ದವು. ಇಕ್ತಿಯೋಸ್ಟೆಗಾದ ಹಿಂಗಾಲಿನಲ್ಲಿ ಏಳು. ರಷ್ಯಾದಲ್ಲಿ ಸಿಕ್ಕ ಟ್ಯುಲೆರ್ಪೆಟಾನ್‌ಗೆ ಆರು. ಐದು ಬೆರಳು ಮೊದಲಿನಿಂದ ಬಂದದ್ದೆಂಬ ನಂಬಿಕೆ ಅಂದು ಮುರಿದುಬಿತ್ತು. ಐದಕ್ಕೆ ನಿಂತದ್ದು ಆಮೇಲೆ.

ಅದಕ್ಕಿಂತ ದೊಡ್ಡ ಸಂಗತಿ ಮರುವರ್ಷ ಬಂತು. ಎಂಟು ಬೆರಳಿನ ಆ ಪ್ರಾಣಿಗೆ ಮೀನಿನಂತೆ ಒಳಗಿವಿರುಗಳಿದ್ದವು. ಬಾಲದುದ್ದಕ್ಕೂ ರೆಕ್ಕೆಯ ಕಡ್ಡಿಗಳಿದ್ದವು. ಮೈಭಾರ ಹೊತ್ತು ನೆಲದ ಮೇಲೆ ನಿಲ್ಲುವಂತೆ ಅದರ ಮೊಣಕೈ ಬಾಗುತ್ತಿರಲಿಲ್ಲ. ಅಂದರೆ ಕಾಲಿದೆ, ಬೆರಳಿದೆ, ಆದರೆ ಪ್ರಾಣಿ ನೀರು ಬಿಟ್ಟಿಲ್ಲ. ರೋಮರ್ ಕಥೆ ಇಲ್ಲಿಗೆ ತಲೆಕೆಳಗಾಯಿತು. ನೆಲದ ಮೇಲೆ ನಡೆಯುವುದಕ್ಕಾಗಿ ಕಾಲು ಬಂದಿದ್ದರೆ, ನೆಲಕ್ಕೆ ಬರಲಾಗದ ಪ್ರಾಣಿಗೆ ಎಂಟು ಬೆರಳು ಯಾಕೆ?

ಹಾಗಾದರೆ ನೀರಿನೊಳಗೆ ಬೆರಳಿಗೆ ಏನು ಕೆಲಸ? ಪುಸ್ತಕದಲ್ಲಿ ಓದಿದಾಗ ನನಗೆ ಇದು ಪೂರ್ತಿ ಮನಸ್ಸಿಗೆ ಇಳಿದಿರಲಿಲ್ಲ. ಇಳಿದದ್ದು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ.

ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಇಳಿಯುವ ದಾರಿಯ ಪಕ್ಕದ ಕಾಡು ಅದು. ಹೆಸರೇ ಹೇಳುವಂತೆ ಹಗಲಿನಲ್ಲಿಯೂ ಕತ್ತಲೆ. ಅಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಇದೆ. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ಮರಗಳು ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಂತಿವೆ. ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಕೊಳೆಯುವ ಎಲೆ ನೀರಿನ ಪ್ರಾಣವಾಯುವನ್ನೆಲ್ಲ ತಿಂದುಹಾಕುವುದರಿಂದ ಮರವೂ ಉಸಿರಾಡಲು ಬೇರನ್ನು ಮೇಲೆತ್ತಬೇಕು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಈ ಕಾನಿನ ಹೆಸರನ್ನೇ ಹೊತ್ತ ಮರವೊಂದು ಇಲ್ಲಿ ಪತ್ತೆಯಾಗಿ 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಗೇರುಮರದ ಬಳಗದ್ದು.

ಆ ನೀರಿಗೆ ಕೈ ಹಾಕಿ ನೋಡಿ. ಬೇರು, ಕಡ್ಡಿ, ಎಲೆಯ ರಾಶಿ, ಬಿದ್ದ ಕೊಂಬೆ. ಅಗಲ ರೆಕ್ಕೆ ಬೀಸಿ ಈಜುವುದಕ್ಕೆ ಅಲ್ಲಿ ಜಾಗವಿಲ್ಲ. ಹಿಡಿದು, ಒತ್ತಿ, ಸರಿಸಿ, ನುಸುಳಿ ಮುಂದೆ ಹೋಗಬೇಕು. ಡೆವೋನಿಯನ್ ಯುಗದಲ್ಲಿ ಭೂಮಿಯ ಮೊದಲ ಕಾಡುಗಳು ಎದ್ದವು. ಆರ್ಕಿಯಾಪ್ಟೆರಿಸ್ ಎಂಬ ಮರ ತನ್ನ ಎಲೆ ಕೊಂಬೆಗಳನ್ನು ಹೊಳೆಯಂಚಿನ ನೀರಿಗೆ ಉದುರಿಸತೊಡಗಿತು. ಅಲ್ಲಿಯವರೆಗೆ ಅಂಥ ನೀರೇ ಇರಲಿಲ್ಲ. ಸಿಕ್ಕುಸಿಕ್ಕಾದ, ಉಸಿರು ಸಾಲದ, ಮೊಣಕಾಲುದ್ದದ ಆ ನೀರಿನಲ್ಲಿ ಬೆರಳಿದ್ದವನಿಗೆ ಅನುಕೂಲ. ಉಸಿರಿಗೆ ಶ್ವಾಸಕೋಶ ಮೊದಲೇ ಇತ್ತು. ಮೂಳೆಮೀನುಗಳ ಹಳೆಯ ಪೂರ್ವಜರಿಗೇ ಅದಿತ್ತು. ಇಂದಿನ ಬಹುಪಾಲು ಮೀನುಗಳಲ್ಲಿ ಅದೇ ಗಾಳಿಚೀಲವಾಗಿದೆ.

ಆದರೆ ಒಂದು ಎಚ್ಚರಿಕೆ: ರಾಮಪತ್ರೆ ಹೂಬಿಡುವ ಮರ, ಡೆವೋನಿಯನ್ ಯುಗದಲ್ಲಿ ಹೂವೇ ಇರಲಿಲ್ಲ. ಕತ್ತಲೆಕಾನು ಆ ಕಾಲದ ಪಳೆಯುಳಿಕೆಯೆಂದು ದಯವಿಟ್ಟು ಯಾರೂ ಬರೆದುಕೊಳ್ಳಬೇಡಿ. ಎಲ್ಲ ಪ್ರಶ್ನೆಯೂ ಮುಗಿದಿದೆ ಎಂದೂ ತಿಳಿಯಬೇಡಿ. ಪೋಲೆಂಡಿನ ಜಾಹೆಲ್ಮಿಯೆ ಗಣಿಯಲ್ಲಿ ಟಿಕ್ಟಾಲಿಕ್‌ಗಿಂತ ಒಂದೂವರೆ ಕೋಟಿ ವರ್ಷದಷ್ಟು ಹಳೆಯ ಹೆಜ್ಜೆಗುರುತುಗಳು 2010ರಲ್ಲಿ ವರದಿಯಾದವು. ಅವು ಹೊಳೆಯವಲ್ಲ, ಕಡಲಂಚಿನ ಕೆಸರಿನವು. ಹಾಗಿದ್ದರೆ ಟಿಕ್ಟಾಲಿಕ್ ನಮ್ಮ ನೇರ ಅಜ್ಜನಲ್ಲ, ತಡವಾಗಿ ಉಳಿದುಕೊಂಡ ದಾಯಾದಿ. ಚರ್ಚೆ ನಡೆಯುತ್ತಿದೆ. ಹೊಳೆಯೋ ಅಳಿವೆಯೋ, ಆಳವಿಲ್ಲದ ನೀರು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಮೊದಲ ಮಳೆಗೆ ಹಳ್ಳ ತುಂಬಿದಾಗ ಮೀನು ಗದ್ದೆಗೆ ಏರಿ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಹತ್ತುಮೀನು ಎನ್ನುತ್ತೇವೆ. ಅಘನಾಶಿನಿಯ ಅಳಿವೆಗೆ ಹೋದರೆ ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳೂ ಕಾಣುತ್ತವೆ. ಇವೇ ಮುಂದೆ ಕಪ್ಪೆಯಾಗುತ್ತವೆಯೇ ಎಂದು ಕೇಳಿದರೆ, ಇಲ್ಲ. ಇವುಗಳ ರೆಕ್ಕೆ ಬರೀ ಕಡ್ಡಿಗಳದ್ದು, ಒಳಗೆ ಒಂದು-ಎರಡು-ಹಲವು ಮೂಳೆಯ ತೋಳಿಲ್ಲ. ಇದು ಬೇರೆಯದೇ ವಂಶ, ಬೇರೆಯದೇ ಸಾಹಸ. ನಮಗೆ ಹತ್ತಿರದ ನೆಂಟ ಇಂದು ಬದುಕಿರುವ ಮೀನುಗಳಲ್ಲಿ ಶ್ವಾಸಕೋಶದ ಮೀನು. ಅದಿರುವುದು ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ. ಹಾಗೆಂದು ಕಡ್ಡಿರೆಕ್ಕೆಗೂ ಬೆರಳಿಗೂ ಸಂಬಂಧವೇ ಇಲ್ಲವೆಂದಲ್ಲ. ಇಲಿಯಲ್ಲಿ ಬೆರಳನ್ನು ರೂಪಿಸುವ ವಂಶವಾಹಿಗಳ ಬಳಗವೇ ಜೀಬ್ರಾ ಮೀನಿನಲ್ಲಿ ರೆಕ್ಕೆಯ ಕಡ್ಡಿಯನ್ನು ರೂಪಿಸುತ್ತದೆ ಎಂದು ಶೂಬಿನ್ನರ ಪ್ರಯೋಗಾಲಯವೇ 2016ರಲ್ಲಿ ತೋರಿಸಿತು.

ಇಲ್ಲಿ ಸಭೆಯಿಂದ ಯಾವಾಗಲೂ ಬರುವ ಪ್ರಶ್ನೆಯೊಂದಿದೆ: ಮತ್ಸ್ಯ, ಕೂರ್ಮ, ವರಾಹ ಎಂಬ ಅವತಾರಗಳ ಸಾಲು ಇದನ್ನೇ ಹೇಳುತ್ತದಲ್ಲವೇ? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಪುರಾಣಕ್ಕೆ ಅದರದೇ ಗೌರವವಿದೆ. ಕಲ್ಲು ಒಡೆದು ಎಣಿಸಿದ ಬೆರಳಿಗೆ ಅದನ್ನು ಸಾಕ್ಷಿಯಾಗಿ ಕರೆತಂದರೆ ಎರಡಕ್ಕೂ ಅನ್ಯಾಯ.

ಕಾಲು ನೀರಿನಲ್ಲಿ ಹುಟ್ಟಿದ ಮೇಲೆ ಏನೇನು ಕೆಲಸಕ್ಕೆ ಒದಗಿತು ಎಂದು ನೋಡಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮಳೆಗಾಲದಲ್ಲಿ ನೀರು ತೆಳುವಾಗಿ ಹರಿಯುವ ಬಂಡೆಗಳ ಮೇಲೆ ಇಂಡಿರಾನಾ ಕುಲದ ಕಪ್ಪೆಗಳ ಗೊದಮೊಟ್ಟೆಗಳಿರುತ್ತವೆ. ಅವು ಹಳ್ಳದ ನೀರಿಗೆ ಇಳಿಯುವುದಿಲ್ಲ. ಒದ್ದೆ ಬಂಡೆಯ ಪಾಚಿ ಕೆರೆದು ತಿನ್ನುತ್ತವೆ. ಹಿಂಗಾಲು ಬೇಗ ಬಲಿಯುತ್ತದೆ, ಬಾಲ ಉದ್ದ. ಬೆರಳು ಹತ್ತಿರ ತಂದರೆ ಬಂಡೆಯಿಂದ ಬಂಡೆಗೆ ಚಿಮ್ಮುತ್ತವೆ. ಅಡಿಕೆ ತೋಟದ ಕಾದಿಗೆಯ ಮೇಲೆ ಬಾಗಿದ ಎಲೆಗೆ ನೊರೆಯ ಗೂಡು ಕಟ್ಟುವ ಹಾರುವ ಕಪ್ಪೆ, ಬೆರಳ ನಡುವಿನ ಪೊರೆ ಬಿಚ್ಚಿ ಮರದಿಂದ ತೇಲಿ ಇಳಿಯುತ್ತದೆ. ಪೊದೆಗಪ್ಪೆಗಳು ಗೊದಮೊಟ್ಟೆಯ ಹಂತವನ್ನೇ ಬಿಟ್ಟು ಮೊಟ್ಟೆಯಿಂದ ನೇರವಾಗಿ ಮರಿಯಾಗಿ ಹೊರಬರುತ್ತವೆ. ತೋಟದ ಗೊಬ್ಬರದ ಮಣ್ಣು ಅಗೆಯುವಾಗ ಎರೆಹುಳುವಿನಂತೆ ಉಂಗುರ ಉಂಗುರದ, ಆದರೆ ಬೆನ್ನೆಲುಬಿರುವ ಪ್ರಾಣಿ ಸಿಕ್ಕಿದ್ದರೆ ಅದು ಸಿಸಿಲಿಯನ್. ಅದೂ ಉಭಯಚರವೇ, ಕಷ್ಟಪಟ್ಟು ಪಡೆದ ಕಾಲನ್ನು ಬಿಟ್ಟುಕೊಟ್ಟು ಮಣ್ಣಿಗೆ ಇಳಿದದ್ದು. ಹಾವಿನ ಮರಿಯೆಂದು ಅದನ್ನು ಹೊಡೆಯುತ್ತಾರೆ. ನಮಗೆ ಕೇಡು ಮಾಡದ ಬಡಪಾಯಿ ಅದು.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಕತ್ತಲೆಕಾನಿನ ಕುಂಬಾರ ಕಪ್ಪೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟು ಅದನ್ನು ವಿವರಿಸಿದರು. ವಿಜ್ಞಾನದ ಲ್ಯಾಟಿನ್ ಸಾಲಿನಲ್ಲಿ ನಮ್ಮ ಕುಂಬಾರ ಎಂಬ ಪದ ಹೀಗೆ ಸೇರಿಕೊಂಡಿತು. ಇರುಳಿನಲ್ಲಿ, ಹಳ್ಳದ ನೀರಿನ ಮೇಲೆ ಬಾಗಿದ ಕಡ್ಡಿಗೋ ಕೊಂಬೆಗೋ ಹೆಣ್ಣು ಮುಂಗಾಲಿನ ಮೇಲೆ ತಲೆಕೆಳಗಾಗಿ ನಿಂತು ಮೊಟ್ಟೆಯಿಡುತ್ತದೆ. ಆಮೇಲೆ ಗಂಡಿನ ಸರದಿ. ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಎತ್ತಿ, ಹಿಂಗಾಲಿನ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಇಳಿದು ಕೆಸರು, ಮತ್ತೆ ಮೆತ್ತುವುದು, ಮೊಟ್ಟೆ ಮುಚ್ಚುವವರೆಗೆ. ಗೊದಮೊಟ್ಟೆಯಾದ ಮೇಲೆ ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ಎಂಟು ಬೆರಳಿನ ಅಕಾಂತೊಸ್ಟೆಗಾ ಎಲೆಕಸವನ್ನು ಒತ್ತಿ ಸರಿಸಿದ ಅದೇ ಅಂಗ. ಅದೇ ಒಂದು, ಎರಡು, ಹಲವು.

ಇರುಳಿನಲ್ಲಿ ಈ ಕಪ್ಪೆಗಳ ಕೂಗನ್ನು ಕೇಳುವ ನಮ್ಮ ಕಿವಿಯೊಳಗಿನ ರಿಕಾಪು ಮೂಳೆಯೂ ಮೀನಿನದೇ. ದವಡೆಯನ್ನು ತಲೆಬುರುಡೆಗೆ ತಗುಲಿಸಿ ಹಿಡಿದಿದ್ದ ಮೂಳೆ, ಆ ಕೆಲಸ ತಪ್ಪಿದ ಮೇಲೆ ಸಣ್ಣದಾಗುತ್ತ ಬಂದು ಶಬ್ದಕ್ಕೆ ಒದಗಿತು.

ಕಪ್ಪೆಯನ್ನು ಅರ್ಧ ದಾರಿಯಲ್ಲಿ ನಿಂತ ಪ್ರಾಣಿ ಎಂದು ನೋಡುವುದನ್ನು ನಾವು ಬಿಡಬೇಕು. ನಮ್ಮಷ್ಟೇ ದೂರ ಅದೂ ನಡೆದು ಬಂದಿದೆ. ಆದರೆ ಈಗ ಅದರ ಬದುಕು ಇಕ್ಕಟ್ಟಿನಲ್ಲಿದೆ: 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯಚರಗಳಲ್ಲಿ ನೂರಕ್ಕೆ ಸುಮಾರು 41 ಪ್ರಭೇದಗಳು ಅಳಿವಿನ ಅಂಚಿನ ಪಟ್ಟಿಯಲ್ಲಿವೆ. ನಮ್ಮ ಜಿಲ್ಲೆಯ ರಾಮಪತ್ರೆ ಜೌಗುಗಳಲ್ಲಿ ಹಲವು ಬಹಳ ಹಿಂದೆಯೇ ಗದ್ದೆಗಳಾದವು, ಅಡಿಕೆ ತೋಟಗಳಾದವು. ಹಿರಿಯರನ್ನು ದೂರುವುದಕ್ಕೆ ಈ ಮಾತಲ್ಲ. ಅವರಿಗೆ ಅನ್ನಕ್ಕೆ ನೆಲ ಬೇಕಿತ್ತು. ಉಳಿದಿರುವುದು ಇಲ್ಲಿ ಒಂದೆಕರೆ, ಅಲ್ಲಿ ಅರ್ಧ ಎಕರೆಯ ತುಣುಕುಗಳು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಡಿಯಲು ಬಿಡದೆ ಮರ ಅಪ್ಪಿಕೊಂಡ ಸೀಮೆ ನಮ್ಮದು. ದೊಡ್ಡ ಮರಕ್ಕೆ ಅಪ್ಪುವವರು ಸಿಕ್ಕರು, ಕೆಸರಿಗೆ ಸಿಕ್ಕಿಲ್ಲ. ಅದು ಪಾಳು ಜಾಗ, ಸೊಳ್ಳೆಯ ಜಾಗ ಎಂದೇ ಲೆಕ್ಕ.

ಅದಕ್ಕಾಗಿ ಈ ಸಭೆಯಲ್ಲಿ ಕೈಮುಗಿದು ಕೇಳುತ್ತೇನೆ. ನಿಮ್ಮ ತೋಟದ ತಲೆಯಲ್ಲೋ ಬೆಟ್ಟದ ಬುಡದಲ್ಲೋ ಬೇಸಿಗೆಯಲ್ಲಿಯೂ ಕಾಲು ಹೂತುಹೋಗುವ ತುಣುಕು ಜಾಗ ಇದ್ದರೆ ಅದಕ್ಕೆ ಮಣ್ಣು ತುಂಬಬೇಡಿ, ಜೆಸಿಬಿ ಇಳಿಸಬೇಡಿ. ಹಳ್ಳದ ದಂಡೆ ಸ್ವಚ್ಛ ಮಾಡುವ ದಿನ, ನೀರಿನ ಮೇಲೆ ಬಾಗಿದ ಸಣ್ಣ ಕೊಂಬೆಗೆ ಕತ್ತಿ ಹಾಕುವ ಮುಂಚೆ ಅದರ ಮೇಲೆ ಒಣಗಿದ ಕೆಸರಿನ ಮುದ್ದೆ ಇದೆಯೇ ಎಂದು ಒಮ್ಮೆ ನೋಡಿ. ಇದ್ದರೆ ಆ ಕೊಂಬೆಯನ್ನು ಬಿಟ್ಟುಬಿಡಿ.